ಹೆಬ್ಬೆರಳು ಬಿಡಿಸಿದ ಉರುಳೆ

ಅಮೆರಿಕದ ಕೆಂಟಕಿಯನ್ನು ಅಲ್ಲಿನ ಹುಲ್ಲುಗಾವಲುಗಳಿಂದಾಗಿ ‘ಬ್ಲೂಗ್ರಾಸ್’ ರಾಜ್ಯ ಎನ್ನುತ್ತಾರೆ. ಬ್ರೂಸ್ ಹ್ಯಾಸ್ಕೆಲ್ ಮತ್ತು ಜಾನ್ ಮಿಂಕ್ ಎಂಬ ಇಬ್ಬರು ದಂತವೈದ್ಯರು ತಾವು ರೂಪಿಸಿದ ಸಾಧನಕ್ಕೆ ಅದೇ ಹೆಸರಿಟ್ಟು, 1991ರಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಾದರೂ ಹೆಬ್ಬೆರಳು ಚೀಪುವ ಮಕ್ಕಳಿಗಾಗಿ ಮಾಡಿದ ಸಾಧನ ಅದು.

ನೋಡಲು ಬಹಳ ಸರಳ. ಮೇಲಿನ ಸಾಲಿನ ಎಡ, ಬಲ ದವಡೆಹಲ್ಲುಗಳಿಗೆ ಒಂದೊಂದು ಉಕ್ಕಿನ ಪಟ್ಟಿ. ಅವೆರಡನ್ನೂ ಕೂಡಿಸುತ್ತ ಅಂಗುಳದ ಕೆಳಗೆ ಹಾಯುವ ಒಂದು ತಂತಿ. ಆ ತಂತಿಗೆ ಪೋಣಿಸಿದ ಆರು ಮುಖದ ಟೆಫ್ಲಾನ್ ಉರುಳೆ. ಗುಂಡಗಿದ್ದರೆ ನಾಲಗೆ ಜಾರುತ್ತದೆ, ಅಂಚುಗಳಿದ್ದರೆ ಹಿಡಿತ ಸಿಗುತ್ತದೆ. ಆರು ಮುಖ ಇಟ್ಟದ್ದು ಅದಕ್ಕೇ. ಬೆರಳು ಬಾಯಿಗೆ ಹೋಗಬೇಕು ಅನ್ನಿಸಿದಾಗಲೆಲ್ಲ ನಾಲಗೆಯಿಂದ ಇದನ್ನು ತಿರುಗಿಸುತ್ತಿರು ಎಂದು ಮಗುವಿಗೆ ಹೇಳಿಕೊಡುತ್ತಾರೆ. ಮೂರರಿಂದ ಆರು ತಿಂಗಳು ಬಾಯಲ್ಲಿಟ್ಟು ತೆಗೆಯುತ್ತಾರೆ.

ಇದು ಎಷ್ಟು ದೊಡ್ಡ ಹೆಜ್ಜೆ ಎಂದು ತಿಳಿಯಬೇಕಾದರೆ ಮೊದಲು ಏನಿತ್ತು ಎಂದು ನೋಡಬೇಕು. ಅದೇ ಜಾಗದಲ್ಲಿ, ಅದೇ ಬಗೆಯ ತಂತಿಗೆ, ಕೆಳಮುಖವಾಗಿ ಚೂಪು ಮೊನೆಗಳನ್ನು ಬೆಸೆಯುತ್ತಿದ್ದರು. ಬೆರಳಿಟ್ಟರೆ ಚುಚ್ಚಬೇಕು, ಮಗು ಹೆದರಿ ಬಿಡಬೇಕು! ಹೆದರಿಸಿ ಬಿಡಿಸುವ ಈ ದಾರಿ ಹಳೆಯದು. ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್ರಿಕ್ ಹಾಫ್‌ಮನ್ ತನ್ನ ಪುಟ್ಟ ಮಗನಿಗಾಗಿ ಬರೆದು 1845ರಲ್ಲಿ ಅಚ್ಚು ಹಾಕಿಸಿದ ಮಕ್ಕಳ ಪುಸ್ತಕದಲ್ಲಿ ಬೆರಳು ಚೀಪುವ ಹುಡುಗನ ಎರಡೂ ಹೆಬ್ಬೆರಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿಯಿಂದ ಕತ್ತರಿಸುತ್ತಾನೆ. ನಮ್ಮ ಮನೆಗಳಲ್ಲಿ ಬೆರಳಿಗೆ ಹಚ್ಚುವ ಬೇವಿನ ರಸ, ಮೆಣಸಿನ ಪುಡಿ. ಮಗುವಿನ ಮೇಲೆ ಪ್ರೀತಿ ಇಲ್ಲದೆ ಯಾರೂ ಹಾಗೆ ಮಾಡಿದ್ದಲ್ಲ. ಬೇರೆ ದಾರಿ ಗೊತ್ತಿರಲಿಲ್ಲ.

ಬೇರೆ ದಾರಿ ಕಾಣಿಸಿದ್ದು ಒಂದೊಂದಾಗಿ. ಮೆತ್ತನೆಯ ಬೆರಳು ಮೂಳೆಯಲ್ಲಿ ನೆಟ್ಟ ಹಲ್ಲನ್ನು ಹೇಗೆ ಸರಿಸುತ್ತದೆ ಎಂಬುದೇ ಮೊದಲು ಬಿಡಿಸಬೇಕಾದ ಗಂಟು. 1963ರಲ್ಲಿ ಸ್ಯಾಮ್ ವೈನ್‌ಸ್ಟೈನ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗ ಮಾಡಿದರು. ಹಲ್ಲಿನ ಕೆನ್ನೆಯ ಕಡೆಗೆ ಎರಡು ಮಿಲಿಮೀಟರ್ ದಪ್ಪದ ಚಿನ್ನದ ಹೊದಿಕೆ ಕೂರಿಸಿ ಕಾದರು. ಯಾವ ಸ್ಪ್ರಿಂಗೂ ಇಲ್ಲ, ಬಿಗಿಯುವ ತಂತಿಯೂ ಇಲ್ಲ. ಕೆನ್ನೆ ಸುಮ್ಮನೆ ಒರಗಿದ ಒತ್ತಡಕ್ಕೇ ಹಲ್ಲು ಒಳಗೆ ಸರಿಯಿತು. 1978ರಲ್ಲಿ ವಿಲಿಯಂ ಪ್ರಾಫಿಟ್ ಇಂಥ ಫಲಿತಾಂಶಗಳನ್ನೆಲ್ಲ ಕೂಡಿಸಿ ಬರೆದ ಲೇಖನದಲ್ಲಿ ವಿಷಯ ತಿಳಿಯಾಯಿತು: ಮುಖ್ಯವಾದದ್ದು ಬಲವಲ್ಲ, ಹೊತ್ತು. ಕೋಡುಬಳೆ ಕಡಿಯುವಾಗ ಹಲ್ಲಿನ ಮೇಲೆ ಬೀಳುವ ಭಾರ ದೊಡ್ಡದು, ಆದರೆ ಅದು ಕ್ಷಣದ್ದು, ಹಲ್ಲು ಕದಲುವುದಿಲ್ಲ. ಹಗುರ ಒತ್ತಡವೇ ದಿನಕ್ಕೆ ಆರು ಗಂಟೆಯಷ್ಟು ಬಿದ್ದರೆ ಹಲ್ಲು ಜಾಗ ಬಿಡುತ್ತದೆ. ಮಲಗಿದಾಗ ರಾತ್ರಿಯಿಡೀ ಬಾಯಲ್ಲಿರುವ ಹೆಬ್ಬೆರಳು ಮೇಲಿನ ಬಾಚಿಹಲ್ಲನ್ನು ಮುಂದಕ್ಕೆ, ಕೆಳಗಿನದನ್ನು ಹಿಂದಕ್ಕೆ ತಳ್ಳುತ್ತದೆ. ನಾಲಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ, ಕೆನ್ನೆಗಳು ಎರಡೂ ಕಡೆಯಿಂದ ಒತ್ತಿ ಮೇಲಿನ ದವಡೆ ಕಿರಿದಾಗುತ್ತದೆ. ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಕೂಡುವುದಿಲ್ಲ.

ಇನ್ನೊಂದು ಕಡೆ, ಮನಶ್ಶಾಸ್ತ್ರಜ್ಞ ನೇಥನ್ ಅಝ್ರಿನ್ ಮತ್ತು ಸಂಗಡಿಗರು 1980ರಲ್ಲಿ ಕಹಿ ಹಚ್ಚುವುದನ್ನೂ ತಮ್ಮ ವಿಧಾನವನ್ನೂ ಹೋಲಿಸಿ ನೋಡಿದರು. ಬೆರಳು ಬಾಯಿಯತ್ತ ಹೋಗುವುದನ್ನು ಮಗುವೇ ಗಮನಿಸಬೇಕು, ಕೂಡಲೇ ಮುಷ್ಟಿ ಬಿಗಿಯುವಂಥ ಬೇರೊಂದು ಕೆಲಸ ಕೈಗೆ ಕೊಡಬೇಕು, ಮನೆಯವರು ಮೆಚ್ಚಿ ಬೆನ್ನು ತಟ್ಟಬೇಕು. ಇಷ್ಟೇ ವಿಧಾನ. ಕಹಿಗಿಂತ ಇದೇ ಬಹಳ ಚೆನ್ನಾಗಿ ಫಲಿಸಿತು. ಕೆಂಟಕಿಯ ಉರುಳೆಯೂ ಇದೇ ದಾರಿಯದು, ಕೆಲಸ ಕೊಟ್ಟದ್ದು ಕೈಗಲ್ಲ, ನಾಲಗೆಗೆ.

ಉರುಳೆಯ ಲೇಖನ ಬಂದ ಅದೇ 1991ರಲ್ಲಿ ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ತಂಡ ಗರ್ಭದಲ್ಲಿರುವ 274 ಶಿಶುಗಳ ಸ್ಕ್ಯಾನಿಂಗ್ ವಿವರ ಪ್ರಕಟಿಸಿತು. ಅವು ಹುಟ್ಟುವ ಮೊದಲೇ ಹೆಬ್ಬೆರಳು ಚೀಪುತ್ತಿದ್ದವು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಲಗೈಯದನ್ನು. ಹೊಟ್ಟೆಯೊಳಗಿಂದಲೇ ತಂದ ಸಮಾಧಾನವನ್ನು ಮಗು ಹಟಕ್ಕಾಗಿ ಮಾಡುತ್ತಿದೆ ಎಂದು ಬೈಯುವುದು ಅನ್ಯಾಯ.

ಹಾಗೆಂದು ಬಿಟ್ಟುಬಿಡುವಂತಿಲ್ಲ. ಅಮೆರಿಕದ ಅಯೋವಾದಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಸಂಶೋಧಕರು 2001ರಲ್ಲಿ ತೋರಿಸಿದಂತೆ, ನಾಲ್ಕು ವರ್ಷ ದಾಟಿಯೂ ಚೀಪುವ ಮಕ್ಕಳ ಹಲ್ಲಿನ ಸಾಲು ಹೆಚ್ಚು ಕೆಡುತ್ತದೆ. ಎರಡು ವರ್ಷ ದಾಟಿದವರಲ್ಲೂ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಮಗುವಿಗೆ ಮೂರು ತುಂಬಿದ ಮೇಲೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಚೀಪದೆ ಮಲಗಿದ ರಾತ್ರಿಯ ಮರುದಿನ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ಒಂದು ಗುರುತು ಹಾಕಿಸಿ, ಮೆಚ್ಚಿಕೊಳ್ಳಿ. ಆರರ ಸುಮಾರಿಗೆ ಶಾಶ್ವತ ಬಾಚಿಹಲ್ಲು ಮೂಡುವಾಗಲೂ ಚಟ ಬಿಡದಿದ್ದರೆ, ಬಿಡಬೇಕೆಂಬ ಮನಸ್ಸು ಮಗುವಿಗೂ ಇದ್ದರೆ, ಉರುಳೆಯ ಸಾಧನ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಮೆಣಸಿನ ಪುಡಿ ಅಡುಗೆಮನೆಯಲ್ಲೇ ಇರಲಿ. ಪುಡಿ ಹಚ್ಚಿದ ಬೆರಳು ಕಣ್ಣಿಗೂ ಹೋಗುತ್ತದೆ.