ಮೊದಲ ಹಾವು ಸಾಕೋ ಮುಂಚೆ: ಕಾಗದ, ಪೆಟ್ಟಿಗೆ, ಮೇ ತಿಂಗಳು

ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಹುಡುಗ ಧಾರವಾಡದವನು, ಪುಣೆಗೆ ಬಂದು ಎರಡು ವರ್ಷ ಆಯ್ತು. ಹೋದ ತಿಂಗಳು ಫೋನಿನಲ್ಲಿ ಒಂದು ಫೋಟೊ ತೋರಿಸಿದ. "ಸರ್, ಈ ಮರಿ ನೋಡ್ರಿ, ಎಷ್ಟ್ ಚಂದ ಐತಿ. ಬಾಲ್ ಪೈಥಾನ್ ಅಂತ. ಎಂಟು ಸಾವಿರಕ್ಕ ಕೊಡ್ತಾರ. ನಿಮ್ಮ ಮನ್ಯಾಗೂ ಒಂದ್ ಐತಲ್ಲ, ಎಂಥಾ ಪೆಟ್ಟಿಗಿ ತಗೋಬೇಕು ಹೇಳ್ರಿ."

ಫೋಟೊ ದೊಡ್ಡದು ಮಾಡಿ ನೋಡಿದೆ. ತಿಳಿ ಮೈಮೇಲೆ ಅಂಕುಡೊಂಕು ಕಂದು ಮಚ್ಚೆಗಳು, ತಲೆ ಮೇಲೆ ಬಾಣದ ತುದಿಯಂಥ ಗುರುತು. ಅದು ನಮ್ಮ ಕಾಡಿನ ಹೆಬ್ಬಾವಿನ ಮರಿ. ಬಾಲ್ ಪೈಥಾನ್ ಆಫ್ರಿಕಾದ್ದು. ಅದರ ಮೈ ಕಡುಕಂದು, ಮೇಲೆ ದುಂಡನೆಯ ತಿಳಿ ಪಟ್ಟೆಗಳು. ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಯಲ್ಲಿದೆ. ಮನೆಯಲ್ಲಿಟ್ಟು ಸಿಕ್ಕಿಬಿದ್ರೆ 3ರಿಂದ 7 ವರ್ಷ ಜೈಲು. ಮಾರಿದವನು ಅಷ್ಟೊತ್ತಿಗೆ ಫೋನ್ ನಂಬರ್ ಬದಲಾಯಿಸಿರ್ತಾನೆ.

ಅದಕ್ಕೇ ಪೆಟ್ಟಿಗೆಗಿಂತ ಮುಂಚೆ ಜಾತಿ, ಜಾತಿಯ ಜೊತೆಗೇ ಕಾಗದ. ನಮ್ಮ ನೆಲದ ಹಾವು ಯಾವುದೂ ಬೇಡ. ಕೇರೆ ಬೇಡ, ಹಸಿರು ಹಾವು ಬೇಡ, ಮಣ್ಣುಮುಕ್ಕ ಅಂತೂ ಬೇಡವೇ ಬೇಡ. ಅದನ್ನ "ಎರಡು ತಲೆ ಹಾವು, ಮನೆಗೆ ಅದೃಷ್ಟ" ಅಂತ ಹೇಳಿ ಲಕ್ಷಗಟ್ಟಲೆಗೆ ಮಾರೋ ಜಾಲಗಳಿವೆ. ಅದಕ್ಕೆ ಇರೋದು ಒಂದೇ ತಲೆ, ಬಾಲ ಮೊಂಡು ಅಷ್ಟೇ. ಬರ್ಮೀಸ್ ಪೈಥಾನ್ ವಿದೇಶಿ ಅಂತ ಅಂದ್ಕೋಬೇಡಿ, ಅದು ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೂ ಇದೆ.

ಬಾಲ್ ಪೈಥಾನ್ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಅಂಥ ವಿದೇಶಿ ಪ್ರಾಣಿಗಳನ್ನ 2022ರ ತಿದ್ದುಪಡಿ ಕಾಯಿದೆಯ ನಾಲ್ಕನೇ ಪಟ್ಟಿಗೆ ತಂತು. 2024ರ ನಿಯಮಗಳ ಪ್ರಕಾರ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಕೈ ಬದಲಾದ್ರೂ, ಮರಿಯಾದ್ರೂ, ಸತ್ತರೂ ತಿಳಿಸಬೇಕು. ನನ್ನದು ಕೆನಡಾಕ್ಕೆ ಹೋದ ಗೆಳೆಯನ ಹಾವು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಾಗ ಅವನು ಬರೆಸಿದ್ದ, ಆಮೇಲೆ ನನ್ನ ಹೆಸರಿಗೆ ಬಂತು. ಮಾರೋನು "ಪೇಪರ್ ಆಮೇಲೆ ಕಳಿಸ್ತೀನಿ" ಅಂದ್ರೆ ಎದ್ದು ಬನ್ನಿ. ಆ ಮರಿ ಬ್ಯಾಂಕಾಕ್‌ನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದಿರಬಹುದು.

ಇನ್ನು ಸ್ವಭಾವ. ಬಾಲ್ ಪೈಥಾನ್ ಮೂರರಿಂದ ಐದು ಅಡಿ ಬೆಳೆಯುತ್ತೆ, ವಿಷ ಇಲ್ಲ. ಹೆದರಿದ್ರೆ ಕಚ್ಚೋ ಬದಲು ತಲೆಯನ್ನ ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ, ಹೆಸರು ಬಂದದ್ದೇ ಅದರಿಂದ. ಆಯಸ್ಸು 20ರಿಂದ 30 ವರ್ಷ, ಅಂದ್ರೆ ಇವತ್ತು ತಂದ ಮರಿ ನಿಮ್ಮ ಹೋಮ್ ಲೋನ್ ಮುಗಿಯೋವರೆಗೂ ಇರುತ್ತೆ. ತಿನ್ನೋದು ಇಲಿ. ಫ್ರೀಜರಿನಲ್ಲಿ ಇಟ್ಟ ಇಲಿಯನ್ನ ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಿಂದ ಕೊಡಬೇಕು. ನಮ್ಮದು ಈರುಳ್ಳಿಗೂ ಯೋಚನೆ ಮಾಡೋ ಮನೆ. ಬೇರೆ ಪುಟ್ಟ ಫ್ರೀಜರ್ ತಂದ ಮೇಲೇ ಹೆಂಡತಿ ಒಪ್ಪಿದ್ದು. ಊರಿಂದ ಬಂದ ಅಮ್ಮ ನಾಗರಪಂಚಮಿ ದಿನ ಪೆಟ್ಟಿಗೆ ಮುಂದೆ ಹಾಲಿನ ಬಟ್ಟಲಿಟ್ಟಿದ್ರು. "ಅಮ್ಮಾ, ಹಾವಿಗೆ ಹಾಲು ಆಹಾರ ಅಲ್ಲ, ನೀರು ಸಾಕು" ಅಂದೆ. "ನೀನು ಸುಮ್ನಿರೋ" ಅಂದ್ರು. ಆ ಹಾಲಿನಲ್ಲಿ ಸಂಜೆ ಕಾಫಿ ಆಯ್ತು.

ಪೆಟ್ಟಿಗೆ ವಿಷಯಕ್ಕೆ ಬರೋಣ. ದೊಡ್ಡ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ ಬೇಕು. ಬೀಗ ಹಾಕೋ ಬಾಗಿಲು ಇರಲಿ, ಸಂದಿ ಸಿಕ್ಕಿದ್ರೆ ರಾತ್ರಿ ತಳ್ಳಿಕೊಂಡು ಹೊರಗೆ ಬರುತ್ತೆ. ಹಾವು ತನ್ನ ಮೈ ಬಿಸಿಯನ್ನ ತಾನೇ ಮಾಡಿಕೊಳ್ಳಲ್ಲ, ಜಾಗ ಬದಲಾಯಿಸಿ ಹೊಂದಿಸಿಕೊಳ್ಳುತ್ತೆ. ಹಾಗಾಗಿ ಒಂದು ತುದಿ 31–33 ಡಿಗ್ರಿ, ಇನ್ನೊಂದು ತುದಿ 25–27. ಎರಡೂ ಕಡೆ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಇಡಿ. ಒಂದೇ ಕಡೆ ಇಟ್ರೆ ಹಾವು ಹೆದರಿಕೆಯಿಂದ ಅಲ್ಲೇ ಕೂರುತ್ತೆ, ಬಿಸಿ ಬೇಕಾದರೂ ಹೊರಗೆ ಬರಲ್ಲ, ಕೊನೆಗೆ ಊಟ ಬಿಡುತ್ತೆ.

ನಾನು ಮಾಡಿದ ತಪ್ಪು ಕೇಳಿ. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವನು, ಥರ್ಮೋಸ್ಟಾಟ್ ನಾನೇ ಜೋಡಿಸಿದೆ. ಒಂದು ರಾತ್ರಿ ಅದರ ಸೆನ್ಸರ್ ಹೀಟ್ ಮ್ಯಾಟ್ ಮೇಲಿಂದ ಜಾರಿ ಪಕ್ಕದ ಗಾಳಿಯನ್ನ ಅಳೀತಾ ಇತ್ತು. ಡಿಸೆಂಬರ್, ಗಾಳಿ ತಣ್ಣಗಿತ್ತು. ಥರ್ಮೋಸ್ಟಾಟ್ "ಇನ್ನೂ ಬಿಸಿ ಬೇಕು" ಅಂತ ಮ್ಯಾಟನ್ನ ಉರಿಸುತ್ತಲೇ ಹೋಯ್ತು. ಕೆಳಗಿಂದ ಬರೋ ಬಿಸಿ ಸುಡ್ತಿದೆ ಅಂತ ಹಾವಿಗೆ ಎಷ್ಟೋ ಸಲ ತಿಳಿಯೋದೇ ಇಲ್ಲ, ಅಲ್ಲೇ ಮಲಗಿರುತ್ತೆ. ಬೆಳಿಗ್ಗೆ ಹೊಟ್ಟೆಯ ಚಕ್ಕೆಗಳು ಕೆಂಪಾಗಿ ಬೊಬ್ಬೆ ಎದ್ದಿದ್ದವು. ವೈದ್ಯರ ಹತ್ತಿರ ಓಡಾಟ, ಎರಡು ಸಲ ಪೊರೆ ಬಿಡೋವರೆಗೂ ಮುಲಾಮು. ನಾಯಿಯಾದ್ರೆ ಕೂಗ್ತಾ ಇತ್ತು, ಇದು ಕೂಗಲ್ಲ. ಈಗ ಸೆನ್ಸರನ್ನ ಟೇಪ್ ಹಾಕದೆ ಬಿಗಿಯಾಗಿ ಕ್ಲಿಪ್ ಮಾಡಿದೀನಿ, ಅದನ್ನ ನಂಬದೆ ಬೇರೆಯೇ ಒಂದು ಥರ್ಮಾಮೀಟರೂ ಇಟ್ಟಿದೀನಿ, ಮಿತಿ ಮೀರಿದ್ರೆ ಫೋನಿಗೆ ಅಲಾರಂ ಬರುತ್ತೆ. ಪೆಟ್ಟಿಗೆಯೊಳಗೆ ಟೇಪ್ ಯಾಕೆ ಬೇಡ ಅಂದ್ರೆ, ಹಾವಿನ ಚರ್ಮಕ್ಕೆ ಅಂಟಿದ್ರೆ ಕಿತ್ತುಕೊಂಡೇ ಬರುತ್ತೆ.

ಆದರೆ ಅಮೆರಿಕದವರ ವಿಡಿಯೊಗಳು ಬಿಸಿ ಮಾಡೋದನ್ನೇ ಹೇಳಿಕೊಡುತ್ತವೆ. ನಮ್ಮ ಸಮಸ್ಯೆ ಬಹುಪಾಲು ಉಲ್ಟಾ. ಚೆನ್ನೈ, ಹೈದರಾಬಾದಿನಲ್ಲಿ ಮೇ ತಿಂಗಳಲ್ಲಿ ರೂಮೇ 36 ಡಿಗ್ರಿ ಆದ್ರೆ ಪೆಟ್ಟಿಗೆಯಲ್ಲಿ ತಂಪು ತುದಿ ಎಲ್ಲಿಂದ ಬರಬೇಕು? ಮ್ಯಾಟ್ ಆಫ್ ಮಾಡಿದ್ರೂ ಹಾವಿಗೆ ಓಡೋ ಜಾಗ ಇಲ್ಲ. ಎಸಿ ಇಲ್ಲದಿದ್ರೆ, ಕರೆಂಟ್ ಹೋದಾಗ ಏನು ಅನ್ನೋದಕ್ಕೆ ಉತ್ತರ ಇಲ್ಲದಿದ್ರೆ, ಹಾವು ತರಬೇಡಿ. ದೆಹಲಿಯವರಿಗೆ ಎರಡೂ ಕಾಟ, ಜನವರಿಯ ಚಳಿಯನ್ನೂ ಲೆಕ್ಕ ಹಾಕಬೇಕು. ಮುಂಬೈಯಲ್ಲಿ ಮಳೆಗಾಲದ ತೇವ. ಇದಕ್ಕೆ ಶೇಕಡಾ 55–70 ಹೊಂದುತ್ತೆ. ಗಾಳಿಯಾಡದೆ ನೆಲಹಾಸು ಒದ್ದೆಯಾಗೇ ಇದ್ರೆ ಹೊಟ್ಟೆಯ ಚಕ್ಕೆ ಕೊಳೆಯೋಕೆ ಶುರುವಾಗುತ್ತೆ. ಗಾಳಿಕಿಂಡಿ ಹೆಚ್ಚಿಸಿ, ನೀರಿನ ಬಟ್ಟಲು ಚಿಕ್ಕದು ಮಾಡಿ, ಹಾಸು ಬೇಗ ಬೇಗ ಬದಲಾಯಿಸಿ.

ಆ ಹುಡುಗ ಮರಿಯ ಆಸೆ ಬಿಟ್ಟ, ಹಾವಿನ ಆಸೆ ಬಿಟ್ಟಿಲ್ಲ. ಒಂದು ಭಾನುವಾರ ಮನೆಗೆ ಬಂದು ಪೆಟ್ಟಿಗೆ ಮುಂದೆ ಒಂದು ಗಂಟೆ ಕೂತ. ಹಾವು ಅಡಗುತಾಣದಿಂದ ಮೂತಿಯನ್ನೂ ಹೊರಗೆ ಹಾಕಲಿಲ್ಲ. "ಹಗಲೆಲ್ಲಾ ಹಿಂಗ ಏನ್ರಿ?" ಅಂದ. ಹೌದು, ಹಿಂಗೇ. ಹೋಗುವಾಗ ಒಂದು ಥರ್ಮಾಮೀಟರ್ ಕೊಟ್ಟು, ಪೆಟ್ಟಿಗೆ ಇಡಬೇಕು ಅಂದ್ಕೊಂಡಿರೋ ಮೂಲೆಯಲ್ಲಿ ಇಟ್ಟು ಮೇ ಮುಗಿಯೋವರೆಗೂ ದಿನಾ ಬರೆದುಕೋ ಅಂದೆ. ನಿನ್ನೆ ಮಧ್ಯಾಹ್ನ 3 ಗಂಟೆಗೆ 37 ಇತ್ತಂತೆ. ಅವನ ರೂಮು ಮೇಲಿನ ಮಹಡಿ, ಎಸಿ ಇಲ್ಲ.