ಬುಲ್‌ಡಾಗ್ ನಾಯಿಯ ಆರೋಗ್ಯ ಮತ್ತು ಪಾಲನೆ

ತೋಟದ ಮನೆಯ ಕಾವಲಿಗೆಂದು ಹೆಚ್ಚಿನ ಬೆಲೆ ಕೊಟ್ಟು ಬುಲ್‌ಡಾಗ್ ಮರಿ ತರುವ ರೈತರು ಈಗ ಅಲ್ಲಲ್ಲಿ ಕಂಡುಬರುತ್ತಾರೆ. ಅಗಲವಾದ ಎದೆ, ಮುದುಡಿದ ಮುಖ, ಗೊರಗೊರ ಸದ್ದು ಇವನ್ನು ಕಂಡವರಿಗೆ ಇದು ಯಾವುದಕ್ಕೂ ಜಗ್ಗದ ನಾಯಿ ಎಂದು ತೋರುವುದು ಸಹಜ. ವಾಸ್ತವವಾಗಿ ಇಷ್ಟು ನಾಜೂಕಾದ ನಾಯಿತಳಿಗಳು ಕೆಲವೇ. ಬಯಲುಸೀಮೆಯ ಏಪ್ರಿಲ್-ಮೇ ತಿಂಗಳ ಒಂದು ಮಧ್ಯಾಹ್ನ ಇದರ ಪ್ರಾಣ ತೆಗೆಯಲು ಸಾಕು.

ಈ ತಳಿಯ ಮೂಲ ಇಂಗ್ಲೆಂಡ್. ಅಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ನಾಯಿಗಳನ್ನು ಛೂ ಬಿಡುವ ಪಂದ್ಯಗಳು ನಡೆಯುತ್ತಿದ್ದವು. 1835ರಲ್ಲಿ ಕಾನೂನು ಇದನ್ನು ನಿಷೇಧಿಸಿತು. ಕೆಲಸ ತಪ್ಪಿದ ನಾಯಿ ಕ್ರಮೇಣ ಪ್ರದರ್ಶನದ ನಾಯಿಯಾಯಿತು. ಚಪ್ಪಟೆ ಮುಖವೇ ಚೆಂದವೆಂದು ತಲೆಮಾರಿನಿಂದ ತಲೆಮಾರಿಗೆ ಅಂಥ ಮರಿಗಳನ್ನೇ ಆರಿಸಿ ಬೆಳೆಸಲಾಯಿತು. ತೆನೆಯ ತೂಕವನ್ನಷ್ಟೇ ನೋಡಿ ದಂಟಿನ ಗಟ್ಟಿತನವನ್ನು ಮರೆತರೆ ಪೈರು ಮಲಗುವುದು ರೈತರಿಗೆ ಗೊತ್ತು. ಇಲ್ಲಿಯೂ ಆದದ್ದು ಅದೇ. ಮೂತಿಯ ಮೂಳೆ ಗಿಡ್ಡವಾಯಿತು. ಒಳಗಿನ ಮೆದು ಅಂಗುಳು ಅದೇ ಪ್ರಮಾಣದಲ್ಲಿ ಗಿಡ್ಡವಾಗಲಿಲ್ಲ. ಅದು ಗಂಟಲಿನ ಕಡೆ ಇಳಿದು ಉಸಿರಿಗೆ ಅಡ್ಡ ನಿಲ್ಲುತ್ತದೆ. ಮೂಗಿನ ಹೊಳ್ಳೆಗಳು ಕಿರಿದು, ಶ್ವಾಸನಾಳವೂ ಕಿರಿದು. ಗೊರಕೆಯನ್ನು ಜನ ತಮಾಷೆಯಾಗಿ ಕಾಣುತ್ತಾರೆ. ಅದು ಉಸಿರಿನ ತೊಂದರೆಯ ಗುರುತು.

ಬಿಸಿಲಿನ ಅಪಾಯ

ನಾಯಿ ನಮ್ಮಂತೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಚಾಚಿ ತೇಗುತ್ತಾ, ಬಾಯಿ ಮತ್ತು ಮೂಗಿನ ಒಳಗಿನ ತೇವವನ್ನು ಆವಿಯಾಗಿಸಿ ಮೈಯ ಕಾವನ್ನು ಇಳಿಸಿಕೊಳ್ಳುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ವದಿಂದ. ಬುಲ್‌ಡಾಗ್‌ಗೆ ಆವಿಯಾಗಿಸುವ ಮೂಗೇ ಗಿಡ್ಡ, ಗಾಳಿಯಾಡುವ ದಾರಿ ಇಕ್ಕಟ್ಟು. ಆದುದರಿಂದ ಹೆಚ್ಚು ಬಲ ಹಾಕಿ ತೇಗಬೇಕು. ಆ ಶ್ರಮದಿಂದಲೇ ಮೈ ಇನ್ನಷ್ಟು ಕಾಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ದಾರಿ ಮತ್ತೂ ಕಿರಿದಾಗುತ್ತದೆ. ಕರಾವಳಿಯಲ್ಲಿ ಬಿಸಿಲು ಕಡಿಮೆಯಿದ್ದರೂ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಆವಿಯಾಗುವುದು ನಿಧಾನ. ಅಲ್ಲಿಯೂ ನಿಶ್ಚಿಂತೆಯಿಲ್ಲ.

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಒಂದೇ ಸಮನೆ ಏದುಸಿರು, ಅಂಟಂಟಾದ ಜೊಲ್ಲು, ಕಡುಕೆಂಪು ಅಥವಾ ನೀಲಿಗಟ್ಟಿದ ನಾಲಿಗೆ, ತೂರಾಡುವಿಕೆ, ವಾಂತಿ ಇವು ಕಂಡರೆ ತಡಮಾಡಬಾರದು. ಮೊದಲು ಮೈ ತಣಿಸಿ, ಆಮೇಲೆ ವೈದ್ಯರಲ್ಲಿಗೆ ಒಯ್ಯಿರಿ. ನೆರಳಿಗೆ ತಂದು ಮೈಮೇಲೆಲ್ಲಾ ತಣ್ಣೀರು ಸುರಿಯುತ್ತಾ ಗಾಳಿ ಹಾಕತಕ್ಕದ್ದು. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನಿಂದ ಮೊದಲು ಬರುವ ನೀರು ಸುಡುತ್ತಿರುತ್ತದೆ. ಅದನ್ನು ಹರಿದುಹೋಗಲು ಬಿಡಿ. ಒದ್ದೆ ಗೋಣಿಚೀಲ ಹೊದಿಸಿ ಬಿಡುವುದು ತಪ್ಪು, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. ಉಷ್ಣತೆ 103 ಡಿಗ್ರಿಗೆ ಇಳಿದ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ.

ಇಂಥ ಸ್ಥಿತಿ ಬಾರದಂತೆ ನೋಡಿಕೊಳ್ಳುವುದೇ ಲೇಸು. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಮಾತ್ರ ಅಡ್ಡಾಡಿಸಬೇಕು. ತಗಡಿನ ಮಾಡಿನ ಕೆಳಗೆ, ಮುಚ್ಚಿದ ವಾಹನದೊಳಗೆ ಬಿಡಲೇಬಾರದು. ಕುತ್ತಿಗೆಪಟ್ಟಿಗೆ ಬದಲು ಎದೆಗೆ ಹಾಕುವ ಪಟ್ಟಿ ಬಳಸಿ. ಮೈ ಬರದಂತೆ ಆಹಾರವನ್ನು ಅಳೆದು ಕೊಡಿ: ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಬೇಕು. ಕೊಬ್ಬು ಬೆಳೆದರೆ ಉಸಿರಾಟ, ಕೀಲು ಎರಡೂ ಕೆಡುತ್ತವೆ. ಇನ್ನೊಂದು ಮಾತು. ಭಾರವಾದ ತಲೆ, ಗಿಡ್ಡ ಕಾಲುಗಳ ಈ ನಾಯಿಗೆ ಈಜು ಸಾಲದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಕ್ಕೆ ಬಿದ್ದರೆ ಹತ್ತಿ ಬರುವುದು ಅಸಾಧ್ಯವೆಂದೇ ತಿಳಿಯಿರಿ. ಸುತ್ತ ಬೇಲಿ ಇರಲಿ.

ಚರ್ಮ ಮತ್ತು ಕಣ್ಣು

ಮುಖದ ಮಡಿಕೆಗಳಲ್ಲಿ ತೇವ, ಕೊಳೆ ನಿಂತು ಹುಣ್ಣಾಗುತ್ತದೆ, ದುರ್ವಾಸನೆ ಬರುತ್ತದೆ. ದಿನಕ್ಕೊಮ್ಮೆ ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ, ನಂತರ ಒಣಬಟ್ಟೆಯಿಂದ ತೇವ ಪೂರ್ತಿ ತೆಗೆಯಬೇಕು. ಒರೆಸುವುದಕ್ಕಿಂತ ಒಣಗಿಸುವುದು ಮುಖ್ಯ. ಬಾಲದ ಬುಡದ ಗುಳಿಯನ್ನು ಬಹಳ ಜನ ಮರೆಯುತ್ತಾರೆ. ಕಣ್ಣಿನ ಒಳಮೂಲೆಯಲ್ಲಿ ಕೆಂಪು ಗಂಟು ಉಬ್ಬಿದರೆ ಅದು ಜಾರಿ ಹೊರಬಂದ ಕಣ್ಣೀರಿನ ಗ್ರಂಥಿ. ಅದನ್ನು ಕತ್ತರಿಸಿ ತೆಗೆಸದೆ ಸ್ವಸ್ಥಾನದಲ್ಲಿ ಕೂರಿಸಿ ಹೊಲಿಸುವುದು ಉತ್ತಮ. ತೆಗೆದರೆ ಮುಂದೆ ಕಣ್ಣು ಒಣಗುವ ಸಂಭವವಿದೆ.

ಉಣ್ಣೆಗೆ ಪಶುವೈದ್ಯರು ಹೇಳಿದ ಔಷಧಿಯನ್ನೇ ಬಳಸತಕ್ಕದ್ದು. ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚುವ ರೂಢಿ ಕೆಲವರಲ್ಲಿದೆ. ಇದು ವಿಷಪ್ರಾಶನಕ್ಕೆ ಸಮ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಮುಂದೆ ವೈದ್ಯರು ತಿಳಿಸಿದ ಅವಧಿಗೆ ತಪ್ಪದೆ ಹಾಕಿಸಿರಿ.

ಮರಿ ಮಾರಾಟದ ಆಸೆ

ಹೆಣ್ಣೊಂದನ್ನು ಸಾಕಿ ಮರಿ ಮಾರಿ ಲಾಭ ಗಳಿಸಬಹುದೆಂದು ಲೆಕ್ಕ ಹಾಕುವವರು ಒಂದು ಅಂಶವನ್ನು ತಿಳಿದಿರಬೇಕು. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ ಶೇಕಡ 80ಕ್ಕೂ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆಗಿದ್ದವು. ಉಸಿರಾಟದ ತೊಂದರೆಯಿರುವ ನಾಯಿಗೆ ಅರಿವಳಿಕೆ ಕೊಡುವುದೂ ಸುಲಭವಲ್ಲ. ಗರ್ಭಾವಧಿ ಸುಮಾರು 63 ದಿನ. ರಾತ್ರಿ ಹೊತ್ತಿನಲ್ಲಿ ಹೆರಿಗೆ ಕಷ್ಟವಾದರೆ ಹಳ್ಳಿಯಿಂದ ಎಲ್ಲಿಗೆ ಒಯ್ಯುವಿರಿ? ನನ್ನ ಅಭಿಪ್ರಾಯದಲ್ಲಿ ಇದು ರೈತರಿಗೆ ತಕ್ಕ ಉಪಕಸುಬಲ್ಲ. ಕಾವಲೊಂದೇ ಉದ್ದೇಶವಾದರೆ ನಮ್ಮ ಊರನಾಯಿ ಬಿಸಿಲಿಗೂ ಒಗ್ಗಿದೆ, ಖರ್ಚೂ ಕಡಿಮೆ.

ಆದರೂ ಕೊಳ್ಳುವುದೆಂದು ನಿರ್ಧರಿಸಿದವರು ಮರಿಯ ಬದಲು ಮೊದಲು ತಾಯಿತಂದೆಯನ್ನು ನೋಡಬೇಕು. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ 2019ರಲ್ಲಿ ಜಾರಿಗೆ ತಂದ ಪರೀಕ್ಷೆಯಲ್ಲಿ ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಅದಕ್ಕೆ ಮೊದಲು ಮತ್ತು ನಂತರ ವೈದ್ಯರು ಉಸಿರಿನ ಸದ್ದನ್ನು ಆಲಿಸಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ವೈದ್ಯರ ಕಿವಿಗಿರುವ ಸೂಕ್ಷ್ಮ ನಮಗಿಲ್ಲದಿದ್ದರೂ, ಮೂರು ನಿಮಿಷದ ನಡಿಗೆಗೇ ಗೊರಗುಟ್ಟಿ ಕುಸಿಯುವ ನಾಯಿಯನ್ನು ಯಾರು ಬೇಕಾದರೂ ಗುರುತಿಸಬಹುದು. ಓಡಾಡಿಸಿ ತೋರಿಸಲು ಒಪ್ಪದ ಮಾರಾಟಗಾರನಿಂದ ಮರಿ ಕೊಳ್ಳಬೇಡಿ.