ನದಿ ಮರಳಿನಲ್ಲಿ ಹೊಳೆಯುವುದೆಲ್ಲ ಚಿನ್ನವೇ?

‘ಈ ನದಿಯ ನೀರಿನಲ್ಲಿ ಚಿನ್ನ ಹುಟ್ಟುತ್ತದೆ, ಮರಳು ತಂದು ತೊಳೆದರೆ ಸಾಕು’ ಎಂಬ ಸಂದೇಶ, ಜೊತೆಗೆ ಮಿನುಗುವ ಮರಳಿನ ವಿಡಿಯೊ. ಇಂಥದ್ದು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

ನದಿಯಲ್ಲಿ ಚಿನ್ನ ಸಿಗುವುದು ನಿಜವೇ?

ಕೆಲವು ನದಿಗಳಲ್ಲಿ ನಿಜ. ಜಾರ್ಖಂಡ್‌ನ ಸುವರ್ಣರೇಖಾ ನದಿಯ ಮರಳು ತೊಳೆದು ಚಿನ್ನದ ಕಣ ಹೆಕ್ಕುವವರು ಈಗಲೂ ಇದ್ದಾರೆ. ನಮ್ಮ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲೂ ಹಿಂದೆ ಜಾಲಗಾರರು ಇದೇ ಕೆಲಸ ಮಾಡುತ್ತಿದ್ದರು.

ಹಾಗಾದರೆ ಚಿನ್ನ ನೀರಿನಲ್ಲಿ ಹುಟ್ಟುತ್ತದೆಯೇ?

ಇಲ್ಲ. ಚಿನ್ನ ಇರುವುದು ಬೆಟ್ಟದ ಬಂಡೆಯೊಳಗೆ, ಹೆಚ್ಚಾಗಿ ಬೆಣಚುಕಲ್ಲಿನ ಎಳೆಗಳಲ್ಲಿ. ಸಾವಿರಾರು ವರ್ಷಗಳ ಬಿಸಿಲು, ಮಳೆಗೆ ಬಂಡೆ ಪುಡಿಯಾಗುತ್ತದೆ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಅದರ ಕಣಗಳು ಹಾಗೇ ಉಳಿದು ಹೊಳೆ ಸೇರುತ್ತವೆ.

ಮುಂದಿನ ಕೆಲಸ ತೂಕದ್ದು. ಒಂದು ಘನ ಸೆಂಟಿಮೀಟರ್ ಚಿನ್ನ ಸುಮಾರು 19 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಬೆಣಚುಕಲ್ಲು ತೂಗುವುದು ಸುಮಾರು 2.6 ಗ್ರಾಂ. ಅಕ್ಕಿ ಜಾಲಿಸುವಾಗ ಅಕ್ಕಿ ನೀರಿನೊಂದಿಗೆ ಹೋಗಿ ಕಲ್ಲು ತಳದಲ್ಲಿ ಉಳಿಯುತ್ತದಲ್ಲ, ಹಾಗೆಯೇ ನದಿ ಹಗುರವಾದ ಮರಳನ್ನು ಕೊಂಡೊಯ್ದು ಭಾರದ ಚಿನ್ನವನ್ನು ಬಿಟ್ಟುಹೋಗುತ್ತದೆ. ನೀರಿನ ವೇಗ ತಗ್ಗುವ ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂಭಾಗ, ತಳದ ಕಲ್ಲಿನ ಬಿರುಕು, ಇವೇ ಅದು ನಿಲ್ಲುವ ಜಾಗಗಳು. ಜೊತೆಗೆ ಭಾರದ ಕಬ್ಬಿಣದ ಅದಿರಿನ ಕಪ್ಪು ಮರಳೂ ಇರುತ್ತದೆ. ಬೆಟ್ಟದಲ್ಲಿ ಚಿನ್ನವಿಲ್ಲದಿದ್ದರೆ ಹೊಳೆಯಲ್ಲೂ ಇಲ್ಲ.

ವಿಡಿಯೊದಲ್ಲಿ ಮಿನುಗುವುದೇನು?

ಬಹುತೇಕ ಸಲ ಅದು ಅಭ್ರಕ. ಅದು ಬಿಸಿಲಿನಲ್ಲಿ ಫಳಫಳ ಹೊಳೆದು ನೆರಳಿನಲ್ಲಿ ಮಂಕಾಗುತ್ತದೆ. ಚಿನ್ನ ನೆರಳಲ್ಲೂ ಹಳದಿಯಾಗಿಯೇ ಕಾಣುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಚಿನ್ನ ಚಪ್ಪಟೆಯಾಗುತ್ತದೆ; ಚಿನ್ನದಂತೆ ಕಾಣುವ ಪೈರೈಟ್ ಪುಡಿಯಾಗುತ್ತದೆ.

ಎಚ್ಚರ ಇರಲಿ

ಚಿನ್ನವಿರುವ ನದಿಯಲ್ಲೂ ದಿನವಿಡೀ ತೊಳೆದರೆ ಸಿಗುವುದು ಅಕ್ಕಿಕಾಳಿಗಿಂತ ಚಿಕ್ಕ ಕೆಲವು ಕಣಗಳಷ್ಟೇ. ಅದಕ್ಕಾಗಿ ಆಳದ ನೀರಿಗೆ ಇಳಿದರೆ ಜೀವಕ್ಕೇ ಕುತ್ತು. ಕೆಲವರು ಪಾದರಸ ಬೆರೆಸಿ, ಕಾಯಿಸಿ ಚಿನ್ನ ಬೇರ್ಪಡಿಸುತ್ತಾರೆ. ಆ ಹೊಗೆ ಮಿದುಳು, ನರ, ಮೂತ್ರಪಿಂಡಗಳಿಗೆ ವಿಷ. ‘ನದಿ ಚಿನ್ನ, ಕಡಿಮೆ ಬೆಲೆಗೆ’ ಎಂದು ಯಾರಾದರೂ ಮಾರಲು ಬಂದರೆ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ.

ಒಟ್ಟಿನಲ್ಲಿ: ಕೆಲವು ನದಿಗಳಲ್ಲಿ ಚಿನ್ನ ಸಿಗುವುದು ನಿಜ, ನೀರಿನಲ್ಲಿ ಹುಟ್ಟುತ್ತದೆ ಎಂಬುದು ಸುಳ್ಳು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಥ ವಿಡಿಯೊ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.